ನಿಮ್ಮ ಸ್ಕೀಮಾದಲ್ಲಿ ನಮ್ಮ ಉತಾರಕ್ಕೆ ಜಾಗ ಉಂಟೇ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಹೋಗಿ ಬೆಂಗಳೂರು, ಹುಬ್ಬಳ್ಳಿ, ಪುಣೆಗಳಲ್ಲಿ ಕೋಡ್ ಬರೆಯುತ್ತಿರುವ, ಡೇಟಾಬೇಸ್ ಕಾಯುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ,

ನಿಮ್ಮಲ್ಲಿ ಕೆಲವರು ಬ್ಯಾಂಕಿನ ಬೆಳೆಸಾಲದ ತಂತ್ರಾಂಶ ನೋಡಿಕೊಳ್ಳುತ್ತೀರಿ, ಕೆಲವರು ವಿಮಾ ಕಂಪನಿಗೆ, ಕೆಲವರು ಬೀಜ-ಗೊಬ್ಬರದ ಆ್ಯಪ್ ಮಾಡುವವರಿಗೆ, ಇನ್ನು ಕೆಲವರು ಸರ್ಕಾರದ ಪೋರ್ಟಲ್ ಕಟ್ಟಿಕೊಡುವ ಗುತ್ತಿಗೆದಾರರಿಗೆ ದುಡಿಯುತ್ತೀರಿ. ಈ ಎಲ್ಲ ತಂತ್ರಾಂಶಗಳ ಬುಡದಲ್ಲಿ ಇರುವುದು ಒಂದೇ ಕಾಗದ: ಉತಾರ. ಬೆಂಗಳೂರಿನವರು ಪಹಣಿ ಅನ್ನುತ್ತಾರೆ, ಕಂಪ್ಯೂಟರು ಆರ್‌ಟಿಸಿ ಅನ್ನುತ್ತದೆ. ಅದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ಸಾಲದ ಬೋಜಾ ಏರಿದ್ದು, ಇಳಿದದ್ದು, ವಾಟ್ಣಿ ಜಗಳ, ಕಾಕಾನ ಹೆಸರು ತಪ್ಪಿ ಬಿದ್ದದ್ದು ಎಲ್ಲ ಮನೆಯ ಕಟ್ಟೆಯ ಮೇಲೆ ಕೇಳಿ ಬೆಳೆದವರು ನೀವು. ಆದರೆ ಕೆಲಸಕ್ಕೆ ಕುಳಿತಾಗ ಎಲ್ಲಿಂದಲೋ ತಂದ ಟೆಂಪ್ಲೇಟಿನಿಂದ ಟೇಬಲ್ ಶುರು ಮಾಡುತ್ತೀರಿ. ಮೊದಲ ಹೆಸರು, ಕೊನೆಯ ಹೆಸರು, ವಿಳಾಸದ ಸಾಲು ಒಂದು, ಸಾಲು ಎರಡು, ಕ್ಷೇತ್ರ ಡೆಸಿಮಲ್. ಇಂಥ ಟೇಬಲ್ಲುಗಳನ್ನು ಸ್ವಚ್ಛ ಮಾಡುವುದೇ ನನ್ನ ಹೊಟ್ಟೆಪಾಡಾಗಿದೆ. ಊರಲ್ಲಿ ನಿಮಗೆ ಗೊತ್ತಿರುವುದನ್ನು ಆಫೀಸಿನಲ್ಲಿ ಯಾಕೆ ಮರೆಯುತ್ತೀರಿ ಎಂದು ಕೇಳುವುದಕ್ಕೇ ಈ ಪತ್ರ.

ಎಕರೆ-ಗುಂಟೆಯಿಂದ ಶುರು ಮಾಡೋಣ. ಉತಾರದಲ್ಲಿ ಕ್ಷೇತ್ರ 2.5.0 ಅಂತ ಅಚ್ಚಾಗಿರುತ್ತದೆ. ಎರಡು ಎಕರೆ, ಐದು ಗುಂಟೆ, ಸೊನ್ನೆ ಆಣೆ. ಹೊಸದಾಗಿ ಸೇರಿದ ಹುಡುಗ ಇದನ್ನು ಡೆಸಿಮಲ್ ಕಾಲಮ್ಮಿಗೆ 2.5 ಎಂದು ತುಂಬುತ್ತಾನೆ. ಐದು ಗುಂಟೆ ಹೋಗಿ ಇಪ್ಪತ್ತು ಗುಂಟೆ ಆಯಿತು. ಜಾಣನಾದವ 2.05 ಎಂದು ಹಾಕುತ್ತಾನೆ. ಆಗ ಐದು ಹೋಗಿ ಎರಡು ಗುಂಟೆ. ನಿಜವಾದ ಲೆಕ್ಕ 2.125 ಎಕರೆ, ಯಾಕೆಂದರೆ ಎಕರೆಗೆ 40 ಗುಂಟೆ. ಪರದೆಯ ಮೇಲೆ ಮೂರೂ ಚೆಂದ ಕಾಣುತ್ತವೆ. ಕೂಡಿಸಿದಾಗ ಬಣ್ಣ ಬಯಲಾಗುತ್ತದೆ. 1-30 ಮತ್ತು 1-25 ಕೂಡಿದರೆ ನಮ್ಮೂರಿನ ಯಾವ ಅಜ್ಜನಾದರೂ 3-15 ಎಂದು ಬಾಯಲ್ಲೇ ಹೇಳುತ್ತಾನೆ; ನಿಮ್ಮ ಟೇಬಲ್ಲು 2.55 ಎನ್ನುತ್ತದೆ. ಎಕರೆಗೆ ಇಷ್ಟು ಎಂದು ಸಾಲ ಕೊಡುವ ಬ್ಯಾಂಕಿನಲ್ಲಿ ಆ ವ್ಯತ್ಯಾಸ ಯಾರದೋ ಜೇಬಿಗೆ ಬೀಳುತ್ತದೆ ಅಥವಾ ಯಾರದೋ ಜೇಬಿನಿಂದ ಹೋಗುತ್ತದೆ.

ಮದ್ದು ಸರಳ. ಗುಂಟೆಗೆ 16 ಆಣೆ, ಎಕರೆಗೆ 640 ಆಣೆ. ಕ್ಷೇತ್ರವನ್ನು ಆಣೆಯಲ್ಲಿ, ಪೂರ್ಣಾಂಕವಾಗಿ ಇಡಿ. ತೋರಿಸುವಾಗ ಮಾತ್ರ ಎಕರೆ-ಗುಂಟೆ-ಆಣೆ ಮಾಡಿ. ತುಂಬುವ ಫಾರ್ಮಿನಲ್ಲಿ ಮೂರು ಪ್ರತ್ಯೇಕ ಡಬ್ಬಿ ಕೊಟ್ಟು, ಗುಂಟೆ 39 ದಾಟದಂತೆ, ಆಣೆ 15 ದಾಟದಂತೆ ಡೇಟಾಬೇಸಿನಲ್ಲೇ ಚೆಕ್ ಕನ್‌ಸ್ಟ್ರೇಂಟ್ ಹಾಕಿ. ಜಾವಾಸ್ಕ್ರಿಪ್ಟ್ ಒಂದನ್ನೇ ನಂಬಬೇಡಿ. ಖರಾಬು ಕ್ಷೇತ್ರಕ್ಕೆ ಬೇರೆ ಕಾಲಮ್ಮು. ವಿಮೆಯವರಿಗೆ ಹೆಕ್ಟೇರ್ ಬೇಕೆಂದರೆ ವರದಿ ತೆಗೆಯುವ ಕೊನೆಯ ಹೆಜ್ಜೆಯಲ್ಲಿ ಪರಿವರ್ತಿಸಿ. ದುಂಡಗೆ ಮಾಡಿದ ಆ ಅಂಕಿಯನ್ನು ತಿರುಗಿ ಮೂಲ ಟೇಬಲ್ಲಿಗೆ ಬರೆಯಬೇಡಿ. ಬರೆದರೆ ವರ್ಷವರ್ಷವೂ ಜಮೀನು ಒಂದೊಂದು ಆಣೆ ಸವೆಯುತ್ತದೆ.

ಹಂಚಿಕೆಯಲ್ಲಿ ಇನ್ನೊಂದು ತೊಡಕಿದೆ. ಜಂಟಿ ಖಾತೆಯ 2 ಎಕರೆಗೆ ಬಂದ ಪರಿಹಾರವನ್ನು ಮೂವರು ಅಣ್ಣತಮ್ಮಂದಿರಿಗೆ ಹಂಚಬೇಕು ಎಂದುಕೊಳ್ಳಿ. ಒಬ್ಬೊಬ್ಬರ ಪಾಲಿಗೆ ಎಷ್ಟು ಕ್ಷೇತ್ರ ಎಂದು ನೋಡಲು 1280 ಆಣೆಯನ್ನು ಮೂರರಿಂದ ಭಾಗಿಸಿದರೆ ಸರಿಬೀಳುವುದಿಲ್ಲ. ಇಬ್ಬರಿಗೆ 427, ಒಬ್ಬನಿಗೆ 426. ಅಂದರೆ 26 ಗುಂಟೆ 11 ಆಣೆ, 26-11, 26-10. ಉಳಿದ ಚೂರು ಯಾರಿಗೆ ಎಂಬ ನಿಯಮವನ್ನು ಮೊದಲೇ ಬರೆದಿಡಿ, ಮತ್ತು ಭಾಗಗಳ ಮೊತ್ತ ಮೂಲಕ್ಕೆ ಸಮ ಇರದಿದ್ದರೆ ಟ್ರಾನ್ಸಾಕ್ಷನ್ ಕಮಿಟ್ ಆಗದಂತೆ ನೋಡಿಕೊಳ್ಳಿ. ಜಮೀನನ್ನೇ ಪಾಲು ಮಾಡುವ ಮಾತು ಬಂದರೆ ಮಾತ್ರ ತಂತ್ರಾಂಶ ಕೈ ಹಾಕಬಾರದು. ಅದಕ್ಕೆ 11ಇ ನಕ್ಷೆ ಇದೆ, ಸರಪಳಿ ಹಿಡಿದು ಬರುವ ಸರ್ವೇಯರ್ ಇದ್ದಾರೆ. ಅವರು ಅಳೆದು ಬರೆದದ್ದನ್ನು ತಾಳೆ ನೋಡುವುದಷ್ಟೇ ನಿಮ್ಮ ಕೆಲಸ.

ಸರ್ವೆ ನಂಬರ್, ಅಂದರೆ ರಿ.ಸ.ನಂ. ವಿಷಯಕ್ಕೆ ಬಂದರೆ, ಅದು ನಂಬರ್ ಅಲ್ಲ. ಹೆಸರಿನಲ್ಲಿ ನಂಬರ್ ಇದೆ ಅಷ್ಟೇ. 45/2ಬ, 112/1ಅ+2 ಇಂಥವನ್ನೆಲ್ಲ ಇಂಟಿಜರ್ ಕಾಲಮ್ಮಿಗೆ ತುರುಕಲು ಹೋದವರು ಹಿಸ್ಸಾ ಕಳೆದುಕೊಂಡಿದ್ದಾರೆ. ಸರ್ಕಾರದ ಭೂದಾಖಲೆಯ ಭೂಮಿ ತಂತ್ರಾಂಶದಲ್ಲಿ ಉತಾರ ಹುಡುಕಿದವರಿಗೆ ಗೊತ್ತು: ಸರ್ವೆ ನಂಬರ್ ಆದಮೇಲೆ ಸರ್ನಾಕ್ ಎಂಬ ಡಬ್ಬಿ ಬರುತ್ತದೆ, ಅದರಲ್ಲಿ ಬಹುಪಾಲು ಒಂದು ನಕ್ಷತ್ರ ಚಿಹ್ನೆ, ಆಮೇಲೆ ಹಿಸ್ಸಾ. ಆ ನಕ್ಷತ್ರ ನೋಡಿ ನಗುತ್ತಾರೆ ಜನ. ನನಗೆ ಅದರ ಮೇಲೆ ಗೌರವ. ಖಾಲಿ ಬಿಟ್ಟಿದ್ದರೆ ನಲ್ ಆಗುತ್ತಿತ್ತು. ನಲ್ ಇರುವ ಕಾಲಮ್ಮು ಸಂಯುಕ್ತ ಕೀಲಿಯಲ್ಲಿ ಎಂಥ ಆಟ ಆಡುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಗ್ರಾಮದ ಕೋಡ್, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ನಾಲ್ಕೂ ಸೇರಿ ಯುನೀಕ್ ಆಗಲಿ. ಒಳಗಿನ ಕೊಂಡಿಗಳಿಗೆ ನಿಮ್ಮದೇ ಒಂದು ಅರ್ಥವಿಲ್ಲದ ಐಡಿ ಇರಲಿ. ಪಟ್ಟಿ ತೋರಿಸುವಾಗ 1, 10, 11, 2 ಎಂಬ ಕ್ರಮ ಬಾರದಂತೆ, ಅಂಕಿ ಭಾಗವನ್ನು ಬೇರೆ ಮಾಡಿ ವಿಂಗಡಿಸುವ ಕಾಲಮ್ಮು ಒಂದಿರಲಿ.

ಇನ್ನು ಕನ್ನಡದ ಅಕ್ಷರ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಸಿಟ್ಟು ಬರುವಷ್ಟು ಸಲ ಇದೇ ರೋಗ ಕಂಡಿದ್ದೇನೆ.

ಫಕ್ಕೀರಪ್ಪ ಎಂಬ ಹೆಸರು ತೆಗೆದುಕೊಳ್ಳಿ. ಶಿರಹಟ್ಟಿ ಫಕ್ಕೀರೇಶ್ವರನಿಗೆ ನಡೆದುಕೊಳ್ಳುವ ನಮ್ಮ ಸೀಮೆಯಲ್ಲಿ ಈ ಹೆಸರಿಲ್ಲದ ಊರು ಸಿಗುವುದು ಕಷ್ಟ. ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡಿನಲ್ಲಿ ಒಂಬತ್ತು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 27. ಒರಾಕಲ್‌ನಲ್ಲಿ ವಾರ್‌ಕ್ಯಾರ್2 ಮುಂದೆ ಬರೀ 30 ಎಂದು ಬರೆದರೆ, ನೀವು ಬೇರೆ ಹೇಳದ ಹೊರತು ಅದು ಬೈಟುಗಳ ಲೆಕ್ಕ. ಮುಂದೆ ಅಪ್ಪನ ಹೆಸರಿಗೆ ಜಾಗವೇ ಇಲ್ಲ. ಉದ್ದವನ್ನು ಕ್ಯಾರೆಕ್ಟರ್ ಲೆಕ್ಕದಲ್ಲಿ ಹೇಳಿ, ಅದನ್ನೂ ಉದಾರವಾಗಿ ಕೊಡಿ. ಕೆಲವು ಹಳೆಯ ಪ್ರೋಗ್ರಾಮುಗಳು ದೂರು ಹೇಳದೆ 30ಕ್ಕೆ ಕತ್ತರಿಸಿಬಿಡುತ್ತವೆ, ಅಕ್ಷರದ ನಡುಮಧ್ಯೆ ಕತ್ತರಿ ಬೀಳುತ್ತದೆ.

ಅದೇ ಹೆಸರಿನ ಈತ್ವವನ್ನು ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಗುಡಿಸು ಮತ್ತು ದೀರ್ಘದ ಗುರುತು ಬೇರೆ ಬೇರೆಯಾಗಿ. ಏತ್ವ, ಐತ್ವ, ಒತ್ವ, ಓತ್ವಗಳಿಗೂ ಇದೇ ಕಥೆ. ಕಣ್ಣಿಗೆ ಎರಡೂ ಒಂದೇ. ಬೈಟ್ ಹೋಲಿಸುವ ಡೇಟಾಬೇಸಿಗೆ ಎರಡು ಬೇರೆ ಮನುಷ್ಯರು. ಒಳಬರುವ ಪ್ರತಿ ಕನ್ನಡ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದೇ ಉಳಿಸಿ. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು, ಕೊನೆಯಲ್ಲಿ ಉಳಿದ ಸ್ಪೇಸು, ಇವನ್ನೆಲ್ಲ ಮೂಲ ಹೆಸರಿನಿಂದ ಕೀಳಬೇಡಿ. ಹುಡುಕುವುದಕ್ಕೆಂದೇ ಇನ್ನೊಂದು ಕಾಲಮ್ಮು ಮಾಡಿ, ಅದರಲ್ಲಿ ಕಿತ್ತು ಇಂಡೆಕ್ಸ್ ಹಾಕಿ.

ಸಂಗಪ್ಪ ಮತ್ತು ಸ೦ಗಪ್ಪ. ಎರಡನ್ನೂ ಇನ್ನೊಮ್ಮೆ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡದ ಅಂಕಿ ಸೊನ್ನೆ. ಟೈಪ್ ಮಾಡುವವರ ಕೈಯಿಂದಲೂ ಸ್ಕ್ಯಾನ್ ಓದುವ ಯಂತ್ರದಿಂದಲೂ ಇದು ಧಾರಾಳವಾಗಿ ಬರುತ್ತದೆ. ಅಕ್ಷರಕ್ಕೆ ಅಂಟಿ ಬಂದ ಸೊನ್ನೆಯನ್ನು ಹಿಡಿಯುವ ಒಂದು ಸಾಲಿನ ಕ್ವೆರಿ ಬರೆದು ನಿಮ್ಮ ಟೇಬಲ್ಲಿನ ಮೇಲೆ ಓಡಿಸಿ ನೋಡಿ. ಹಾಗೆಯೇ ಕನ್ನಡ ಅಂಕಿಯಲ್ಲಿ ತುಂಬಿದ ೪೫ನ್ನು ನಿಮ್ಮ ರೆಗ್ಯುಲರ್ ಎಕ್ಸ್‌ಪ್ರೆಶನ್ ತಪ್ಪು ಎಂದು ತಳ್ಳುತ್ತದೋ, 45 ಮಾಡಿಕೊಳ್ಳುತ್ತದೋ ಎಂಬುದನ್ನೂ ಪರೀಕ್ಷಿಸಿ.

ನುಡಿ ತಂತ್ರಾಂಶದ ಹಳೆಯ ಕಡತಗಳು ಕಚೇರಿಗಳಲ್ಲಿ, ಸೊಸೈಟಿಗಳಲ್ಲಿ ಇನ್ನೂ ಇವೆ. ಯುನಿಕೋಡ್ ಅಲ್ಲದ ಆ ಅಕ್ಷರಗಳನ್ನು ನೇರ ಅಂಟಿಸಿದರೆ ಇಂಗ್ಲಿಷಿನ ಚಿತ್ರವಿಚಿತ್ರ ಸಾಲು ಬರುತ್ತದೆ. ಪರಿವರ್ತಕದಿಂದ ಬದಲಿಸಿ, ಮೂಲವನ್ನೂ ಪಕ್ಕದ ಕಾಲಮ್ಮಿನಲ್ಲಿ ಉಳಿಸಿಕೊಳ್ಳಿ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಹೆಸರುಗಳನ್ನೇ ಆರಿಸಿ ಕಣ್ಣಿಂದ ಓದಿ, ಕೆಡುವುದು ಅಲ್ಲೇ. ಎಲ್ಲಕ್ಕಿಂತ ಕೆಟ್ಟದ್ದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಎಸ್‌ಕ್ಯುಎಲ್ ಸರ್ವರಿನಲ್ಲಿ ವಾರ್‌ಕ್ಯಾರ್ ಕಾಲಮ್ಮಿಗೆ ಕನ್ನಡ ಬರೆದಾಗ, ಅಥವಾ ಎನ್‌ವಾರ್‌ಕ್ಯಾರ್ ಇದ್ದೂ ಪಠ್ಯಕ್ಕೆ ಮೊದಲು ಎನ್ ಅಕ್ಷರ ಹಾಕದಿದ್ದಾಗ ಹೀಗಾಗುತ್ತದೆ. ಚಿತ್ರವಿಚಿತ್ರ ಸಾಲನ್ನಾದರೂ ತಿರುಗಿಸಬಹುದು. ಪ್ರಶ್ನಾರ್ಥಕ ಉಳಿದಮೇಲೆ ಹೆಸರು ಹೋದಂತೆಯೇ. ಹೆಸರಿನ ಕಾಲಮ್ಮಿನಲ್ಲಿ ಎರಡು ಪ್ರಶ್ನಾರ್ಥಕ ಒಟ್ಟಿಗೆ ಕಂಡ ಸಾಲುಗಳನ್ನು ದಿನಾ ರಾತ್ರಿ ಎಣಿಸುವ ಜಾಬ್ ಹಾಕಿ. ಅದು ಸೊನ್ನೆಯಿಂದ ಒಂದಕ್ಕೆ ಏರಿದ ದಿನವೇ ನಿಮಗೆ ಮೆಸೇಜ್ ಬರಬೇಕು.

ಹೆಸರಿನ ರಚನೆಗೂ ಅಷ್ಟೇ ಗಮನ ಬೇಕು. ನಮ್ಮಲ್ಲಿ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಮೈಸೂರು ಕಡೆ ಬಿನ್. ಸವಣೂರಿನ ಮಹಬೂಬಸಾಬ ಒಂದು ಕಾಗದದಲ್ಲಿ ಮಾಬುಸಾಬ, ಇನ್ನೊಂದರಲ್ಲಿ ಮೆಹಬೂಬಸಾಹೇಬ. ಆಧಾರಿನ ಇಂಗ್ಲಿಷ್ ಕಾಗುಣಿತ ನಾಲ್ಕನೆಯದು. 2024ರಿಂದ ಉತಾರಕ್ಕೆ ಆಧಾರ್ ಜೋಡಿಸುವ ಕೆಲಸ ನಡೆದಾಗ ಈ ಗಂಟು ಎಲ್ಲರಿಗೂ ಕಂಡಿದೆ. ಹತ್ತಿರದ ಹೋಲಿಕೆ ಹುಡುಕುವ ಅಲ್ಗಾರಿದಮ್ ಬಳಸಿ, ಬೇಡ ಅನ್ನುವುದಿಲ್ಲ. ಆದರೆ ಅದು ಸಲಹೆ ಕೊಡಲಿ, ತೀರ್ಪು ಕೊಡುವುದು ಬೇಡ. ಉತಾರದ ಹೆಸರು, ಆಧಾರಿನ ಹೆಸರು ಎರಡೂ ಇದ್ದಂತೆ ಇರಲಿ. ಇವೆರಡೂ ಒಬ್ಬರದೇ ಎಂದು ಯಾರು, ಯಾವಾಗ, ಯಾವ ದಾಖಲೆ ನೋಡಿ ಒಪ್ಪಿದರು ಎಂಬುದು ಮೂರನೆಯ ಟೇಬಲ್ಲಿನಲ್ಲಿ ಇರಲಿ.

ಇದರಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಹೆಣ್ಣುಮಕ್ಕಳು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ತವರಿನ ಉತಾರದಲ್ಲಿ ಆಕೆ ಅಪ್ಪನ ಹೆಸರು, ತವರಿನ ಅಡ್ಡಹೆಸರಿನೊಂದಿಗೆ ಇರುತ್ತಾಳೆ. ಆಧಾರಿನಲ್ಲಿ ಗಂಡನ ಹೆಸರು, ಗಂಡನ ಮನೆಯ ಅಡ್ಡಹೆಸರು. ಅಡ್ಡಹೆಸರು ಹೊಂದಬೇಕು ಎಂದು ನೀವು ಬರೆದ ಒಂದು ಷರತ್ತು ಆಕೆಯ ಪರಿಹಾರದ ಹಣವನ್ನು ತಡೆದು ನಿಲ್ಲಿಸುತ್ತದೆ, ಆಕೆಗೆ ಕಾರಣವೂ ತಿಳಿಯುವುದಿಲ್ಲ. ಪೌತಿ ಖಾತೆ ಆಗದೆ ಉಳಿದ ಉತಾರಗಳದ್ದು ಬೇರೆ ಸಂಕಟ: ಖಾತೆದಾರ ತೀರಿಕೊಂಡು ವರ್ಷಗಳಾಗಿವೆ, ಉಳುಮೆ ಮಾಡುವವ ಮೊಮ್ಮಗ. ಖಾತೆದಾರ, ಅರ್ಜಿದಾರ, ಸಾಗುವಳಿದಾರ ಮೂವರನ್ನೂ ಒಂದೇ ಕಾಲಮ್ಮಿನಲ್ಲಿ ಕೂರಿಸಬೇಡಿ. ಉತಾರವೇ 9ನೇ ಕಾಲಮ್ಮಿನಲ್ಲಿ ಮಾಲೀಕನನ್ನು, 12ರಲ್ಲಿ ಸಾಗುವಳಿಯನ್ನು ಬೇರೆ ಬೇರೆ ಬರೆದಿದೆ.

ಹುಟ್ಟಿದ ದಿನ ನಂಬಿ ಕೆಡಬೇಡಿ. ನಮ್ಮ ಹಳ್ಳಿಗಳ ಅರ್ಧ ತಲೆಮಾರು ಜೂನ್ 1ರಂದು ಹುಟ್ಟಿದೆ, ಸಾಲಿಗೆ ಹೆಸರು ಹಚ್ಚಿದ ಮಾಸ್ತರರ ಕೃಪೆ. ಹೆಸರು ಮತ್ತು ಜನ್ಮದಿನ ಸೇರಿಸಿ ಯುನೀಕ್ ಮಾಡಿದರೆ ಒಂದೇ ಊರಿನ ಇಬ್ಬರು ಬಸವರಾಜರಲ್ಲಿ ಒಬ್ಬನಿಗೆ ಬಾಗಿಲು ಮುಚ್ಚಿತು.

ಊರಿನ ಹೆಸರನ್ನು ಕೀಲಿ ಮಾಡುವವರಿಗೆ ಹೆಚ್ಚು ಹೇಳುವುದಿಲ್ಲ. ದಕ್ಷಿಣ ಕನ್ನಡದಲ್ಲೂ ಒಂದು ಸವಣೂರು ಇದೆ. ಶಿಗ್ಗಾಂವ, ಶಿಗ್ಗಾಂವಿ, ಶಿಗ್ಗಾವಿ ಮೂರೂ ಬೋರ್ಡುಗಳ ಮೇಲೆ ಸಿಗುತ್ತವೆ. ಸ್ಥಳೀಯ ಸಂಸ್ಥೆಗಳ ಸರ್ಕಾರಿ ಕೋಡ್ ಪಟ್ಟಿ ಇದೆ, ಬಳಸಿ. ಆದರೆ ಕೋಡೂ ಶಾಶ್ವತವಲ್ಲ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮುಂಚಿನ ಖರೀದಿ ಪತ್ರವೆಲ್ಲ ಧಾರವಾಡ ಜಿಲ್ಲೆಯದು. ಹಿರೇಕೆರೂರಿನಿಂದ ರಟ್ಟೀಹಳ್ಳಿ ಬೇರೆಯಾಗಿ ತಾಲೂಕಾಯಿತು. ಇನ್ನೂ ಹಿಂದೆ ಹೋದರೆ ಸವಣೂರು ನವಾಬರ ಸಂಸ್ಥಾನ, ಸುತ್ತಲಿನದು ಮುಂಬಯಿ ಪ್ರಾಂತ. ಪ್ರತಿ ಗ್ರಾಮ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಯಾವ ತಾಲೂಕಿನಲ್ಲಿತ್ತು ಎಂಬುದಕ್ಕೆ ಅವಧಿ ಸಹಿತ ಟೇಬಲ್ ಇರಲಿ. ಹಳೆಯ ದಾಖಲೆಯ ತಾಲೂಕಿನ ಮೇಲೆ ಹೊಸದನ್ನು ಬರೆದು ಮುಚ್ಚಬೇಡಿ. ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆಯ ಕಡತ ಸ್ಕ್ಯಾನ್ ಆಗುತ್ತಿರುವ ಈ ಹೊತ್ತಿನಲ್ಲಿ ಇದು ಇನ್ನೂ ಮುಖ್ಯ. ಸ್ಕ್ಯಾನ್ ಆದ ಪುಟಕ್ಕೆ ಸರಿಯಾದ ಊರು, ವರ್ಷ, ನಂಬರ್ ಅಂಟದಿದ್ದರೆ ಅದು ರೆಕಾರ್ಡ್ ರೂಮಿನ ಗಂಟಿನಲ್ಲಿದ್ದಾಗ ಎಷ್ಟು ಸಿಗುತ್ತಿತ್ತೋ ಅಷ್ಟೇ ಸಿಗುತ್ತದೆ.

ಇತಿಹಾಸ ಉಳಿಸುವ ಪಾಠವನ್ನು ನಮ್ಮ ಕಂದಾಯದವರೇ ಎಷ್ಟೋ ಮೊದಲು ಕಲಿತಿದ್ದಾರೆ. ಮ್ಯುಟೇಶನ್ ರಜಿಸ್ಟರು ಎಂದರೆ ಮತ್ತೇನು, ನಮ್ಮ ಟ್ರಾನ್ಸಾಕ್ಷನ್ ಲಾಗೇ. ಬದಲಾವಣೆ ಮೊದಲು ಅಲ್ಲಿ ದಾಖಲಾಗಬೇಕು, ತಕರಾರಿಗೆ ನೋಟಿಸಿನ ಅವಧಿ ಮುಗಿಯಬೇಕು, ಆಮೇಲೆ ಉತಾರ ತಿದ್ದಬೇಕು, ತಿದ್ದಿದ ಉತಾರ ಆ ಎಂ.ಆರ್. ನಂಬರನ್ನು 10ನೇ ಕಾಲಮ್ಮಿನಲ್ಲಿ ಹೊತ್ತಿರಬೇಕು. ಸುಮಾರು 1991ರಲ್ಲಿ ಗುಲ್ಬರ್ಗದಲ್ಲಿ ರಾಜ್ಯದ ಭೂದಾಖಲೆಯ ಗಣಕೀಕರಣಕ್ಕೆ ಮೊದಲ ಪ್ರಯೋಗ ನಡೆಯಿತು. ಆ ಕಾಲದ ಪ್ರಯತ್ನಗಳಲ್ಲಿ ದಾಖಲೆ ದಿನನಿತ್ಯ ಬದಲಾಗುವ ತಾಲೂಕು ಕಚೇರಿಯಲ್ಲೇ ಕಂಪ್ಯೂಟರಿನಲ್ಲಿ ತಿದ್ದುವ ಏರ್ಪಾಡು ಇರಲಿಲ್ಲ. ಒಮ್ಮೆ ತುಂಬಿದ ಮಾಹಿತಿ ಕುಳಿತಲ್ಲೇ ಹಳಸಿತು. 2000ದ ಹೊತ್ತಿಗೆ ಬಂದ ಭೂಮಿ ಯೋಜನೆ ತಾಲೂಕಿನಲ್ಲೇ ಕಂಪ್ಯೂಟರ್ ಇಟ್ಟಿತು, ಅಧಿಕಾರಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕೆಂದಿತು, ಮೊದಲು ಬಂದ ಅರ್ಜಿ ಮೊದಲು ವಿಲೇವಾರಿಯಾಗಬೇಕು, ನಡುವೆ ಜಿಗಿಯುವಂತಿಲ್ಲ ಎಂದು ತಂತ್ರಾಂಶದಲ್ಲೇ ಕಟ್ಟಿಹಾಕಿತು. ಆಗ ಸುಮಾರು 2 ಕೋಟಿ ಉತಾರಗಳು, 15 ರೂಪಾಯಿಗೆ ಒಂದು ಪ್ರತಿ ಸಿಗುತ್ತಿತ್ತು. ಅದರಲ್ಲಿ ದೋಷಗಳಿಲ್ಲ ಎನ್ನಲಾರೆ. ತುಂಬುವಾಗ ಬಿದ್ದ ತಪ್ಪುಗಳನ್ನು ಜನ ಇಂದಿಗೂ ತಿದ್ದಿಸುತ್ತಿದ್ದಾರೆ. ಆದರೆ ಆ ಮೂರು ತೀರ್ಮಾನಗಳ ಮುಂದೆ ಇಂದಿನ ಎಷ್ಟೋ ಆ್ಯಪ್‌ಗಳು ಸಪ್ಪೆ. ಒಂದು ಅಪ್‌ಡೇಟ್ ಹೊಡೆದು ಹಳೆಯದನ್ನು ಅಳಿಸಿ ಕೈತೊಳೆದುಕೊಳ್ಳುತ್ತವೆ.

ಪ್ರೊಡಕ್ಷನ್‌ನಲ್ಲಿ ಕೈಯಿಂದ ಅಪ್‌ಡೇಟ್ ಮಾಡಲೇಬೇಕಾದರೆ ಟ್ರಾನ್ಸಾಕ್ಷನ್ ತೆರೆದು, ಎಷ್ಟು ಸಾಲು ಬದಲಾಯಿತು ನೋಡಿ, ನಿರೀಕ್ಷಿಸಿದಷ್ಟೇ ಇದ್ದರೆ ಕಮಿಟ್ ಮಾಡಿ. ಬ್ಯಾಕಪ್ ತೆಗೆದದ್ದು ಬ್ಯಾಕಪ್ಪಲ್ಲ, ರಿಸ್ಟೋರ್ ಮಾಡಿ ನೋಡಿದ್ದು ಬ್ಯಾಕಪ್. ಇಷ್ಟು ನಿಮಗೆ ಗೊತ್ತಿರುವುದೇ.

ಬೆಳೆಯ ಟೇಬಲ್ಲಿಗೆ ಒಂದು ಮಾತು. ಒಂದು ಹಿಸ್ಸಾಕ್ಕೆ, ಒಂದು ಹಂಗಾಮಿಗೆ ಒಂದೇ ಬೆಳೆ ಎಂದು ಕಟ್ಟಬೇಡಿ. ಗೋವಿನಜೋಳದ ನಡುವೆ ತೊಗರಿ ಅಕ್ಕಡಿ ಇರುತ್ತದೆ. ಹಾನಗಲ್ಲಿನ ಮಾವಿನ ತೋಪು, ಸವಣೂರಿನ ಎಲೆಬಳ್ಳಿ ಮುಂಗಾರು-ಹಿಂಗಾರು ನೋಡುವುದಿಲ್ಲ. ವಿಮೆಗೆ ಬರೆಸಿದ ಬೆಳೆಗೂ ಬೆಳೆ ಸಮೀಕ್ಷೆಯ ಬೆಳೆಗೂ ತಾಳೆಯಾಗದೆ ಅರ್ಜಿಗಳು ತಿರಸ್ಕಾರವಾಗುವಾಗ, ರೈತ ಸುಳ್ಳು ಹೇಳಿದ್ದಾನೋ, ಟೇಬಲ್ಲಿನಲ್ಲಿ ಎರಡನೆಯ ಬೆಳೆಗೆ ಜಾಗವೇ ಇರಲಿಲ್ಲವೋ ಎಂದು ಮೊದಲು ನೋಡಿ.

ಆಮೇಲೆ, ಕೌಂಟರು. ನಾಡಕಚೇರಿಯಲ್ಲಿ, ಗ್ರಾಮ ಒನ್‌ನಲ್ಲಿ ದಿನಾ ಕೇಳುವ ಮಾತು: "ಯವ್ವಾ, ಸರ್ವರ್ ಇಲ್ಲ, ನಾಳೆ ಬಾ." ಆ ಅವ್ವ ಹಳ್ಳಿಯಿಂದ ಬಸ್ಸಿಗೆ ಬಂದವಳು, ಒಂದು ದಿನದ ಕೂಲಿ ಬಿಟ್ಟವಳು. ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಅದು ಒಂದು ಟೈಮ್‌ಔಟ್. ಅರ್ಜಿ ತುಂಬಿದಷ್ಟು ತುಂಬಿದ ಹಾಗೆ ಉಳಿಯಲಿ. ಮೊದಲು ಅರ್ಜಿ ಸಂಖ್ಯೆ ಕೊಟ್ಟುಬಿಡಿ, ಭಾರದ ಕೆಲಸವನ್ನು ಹಿಂದೆ ಸರದಿಯಲ್ಲಿ ಮಾಡಿ. ನೆಟ್ ಹೋದಾಗ ಆಪರೇಟರ್ ಗುಂಡಿಯನ್ನು ಎರಡು ಸಲ ಒತ್ತಿಯೇ ಒತ್ತುತ್ತಾನೆ. ಒಂದೇ ವಿನಂತಿಗೆ ಒಂದೇ ಗುರುತು ಕೊಟ್ಟು, ಎರಡನೆಯ ಸಲ ಹಣ ಕಡಿತವಾಗದಂತೆ ಮಾಡಿ. ತಪ್ಪಾದಾಗ ಇಂಗ್ಲಿಷಿನಲ್ಲಿ ಏನೋ ತಪ್ಪಾಗಿದೆ ಎನ್ನುವ ಬದಲು ಕನ್ನಡದಲ್ಲಿ ಬರೆಯಿರಿ: "ಅರ್ಜಿ ಉಳಿದಿದೆ. ಹಣ ಕಡಿತವಾಗಿದ್ದರೆ ಮತ್ತೆ ಕಟ್ಟಬೇಡಿ." ಮುಂಗಾರು ವಿಮೆಯ ಕೊನೆಯ ದಿನಗಳು ಸಾಮಾನ್ಯವಾಗಿ ಜುಲೈ ಕೊನೆಗೆ ಬೀಳುತ್ತವೆ. ಆ ವಾರ ಇಂಡೆಕ್ಸ್ ಕಟ್ಟುವುದು, ಆವೃತ್ತಿ ಬದಲಿಸುವುದು ಇಟ್ಟುಕೊಳ್ಳಬೇಡಿ. ಹುಡುಕಾಟದ ಪುಟಗಳಿಗೆ ಮಿತಿ ಹಾಕಿ. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ಸುಳ್ಳು ವಿನಂತಿಗಳ ದಾಳಿ ನಡೆದಾಗ ಉಪನೋಂದಣಿ ಕಚೇರಿಗಳಲ್ಲಿ ನೋಂದಣಿಗೆ ಬಂದವರು ಕಾದು ಕುಳಿತರು. ಯಾರು ಬೇಕಾದರೂ ಎಷ್ಟು ಸಲ ಬೇಕಾದರೂ ಕರೆಯಬಹುದಾದ ಭಾರಿ ಕ್ವೆರಿ ಇದ್ದಲ್ಲಿ ಇಂಥದ್ದಕ್ಕೆ ದಾರಿ ತೆರೆದೇ ಇರುತ್ತದೆ.

ಕೊನೆಗೆ ಒಂದು ಕೆಲಸ ಕೇಳುತ್ತೇನೆ. ಪರೀಕ್ಷೆಗೆಂದು ನಿಜವಾದ ಡೇಟಾದ ನಕಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವ ಚಾಳಿ ಬಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರಲಿ ಬಿಡಲಿ, ನೆರೆಮನೆಯವರ ಬೋಜಾ, ಆಧಾರ್ ನಂಬರ್ ನಿಮ್ಮ ಚೀಲದಲ್ಲಿ ತಿರುಗಾಡಬಾರದು. ಬದಲಿಗೆ ನಾವೇ ಒಂದು ಸುಳ್ಳು ಡೇಟಾ ಕಟ್ಟೋಣ, ನಮ್ಮ ಸೀಮೆಯ ಎಲ್ಲ ತೊಡಕೂ ಇರುವಂಥದ್ದು. ಹಿರೇಕೆರೂರಿನವರು ತಾಲೂಕು ಬದಲಾದ ಗ್ರಾಮಗಳ ಸಾಲು ಮಾಡಲಿ. ಸವಣೂರಿನವರು ಒಂದೇ ಹೆಸರಿನ ನಾಲ್ಕು ಕಾಗುಣಿತ ಕೊಡಲಿ. ಹಾನಗಲ್ಲಿನವರು ಭತ್ತ, ಮಾವು, ಶುಂಠಿ ಒಂದೇ ಹಿಸ್ಸಾದಲ್ಲಿರುವ ಬೆಳೆ ದಾಖಲೆ ಬರೆಯಲಿ. ಶಿಗ್ಗಾಂವಿಯವರು ತವರಿನ ಉತಾರದಲ್ಲಿರುವ ಹೆಣ್ಣುಮಕ್ಕಳ ಸಾಲುಗಳನ್ನು, ಖಾತೆದಾರ ತೀರಿಕೊಂಡ ಖಾತೆಗಳನ್ನು ಸೇರಿಸಲಿ. ಪಂಚಮಿಗೆ ಊರಿಗೆ ಬಂದಾಗ ಉಂಡಿ ತಿಂದು ಮುಗಿದ ಮೇಲೆ ಒಂದು ಮಧ್ಯಾಹ್ನ ಸಾಕು. ಎಕರೆ-ಗುಂಟೆ-ಆಣೆಯ ಸಾಲುಗಳನ್ನು ನಾನು ಮಾಡಿಟ್ಟಿದ್ದೇನೆ; 1-39-15ಕ್ಕೆ ಒಂದು ಆಣೆ ಕೂಡಿಸುವುದರಿಂದ ಶುರುವಾಗುತ್ತವೆ.

ಇಂತಿ ನಿಮ್ಮವ,
ಹಾನಗಲ್ಲ ತಾಲೂಕಿನ ಒಬ್ಬ ಡೇಟಾಬೇಸ್ ಕೆಲಸಗಾರ